ಕೂಸು ಹುಟ್ಟುವ ಮುನ್ನ ಕುಲಾವಿ

ಕಳೆದ ತಿಂಗಳು ಒಂದು ಸಂಜೆ, ಕೊನೆಯ ಗಂಟೆ ಹೊಡೆದ ಮೇಲೆ, ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನನ್ನ ಮೇಜಿನ ಬಳಿ ಬಂದು ನಿಂತನು. "ಸರ್, ಅಂತರಜಾಲದಲ್ಲಿ ಬರೆದರೆ ಹಣ ಬರುತ್ತದಂತೆ. ಈಗಿನಿಂದಲೇ ಬರೆಯತೊಡಗಿದರೆ ಮುಂದಿನ ಜೂನ್ ಹೊತ್ತಿಗೆ ಕಾಲೇಜಿನ ಫೀಜು ಒದಗೀತೇ?" ಎಂದು ಕೇಳಿದನು. ಪ್ರಶ್ನೆ ಹುಡುಗಾಟದ್ದಲ್ಲವೆಂಬುದನ್ನು ಅವನ ಮುಖವೇ ಹೇಳುತ್ತಿತ್ತು. "ಗಾಡಿಗೆ ಹೊತ್ತಾಯಿತು, ನಾಳೆ ಹೇಳುತ್ತೇನೆ" ಎಂದು ನಾನು ಹೊರಟುಬಿಟ್ಟೆ. ಗಾಡಿ ಒಂದು ನೆವವಷ್ಟೆ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನನ್ನದೇ ಒಂದು ಪೆದ್ದುತನವನ್ನು ಬಯಲಿಗಿಡಬೇಕಾಗಿತ್ತು. ಈ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಿರೆಂದು ಸಂಪಾದಕ ಮಂಡಲಿಯವರು ಕೇಳಿರುವುದರಿಂದ ಆ ಬಾಕಿಯನ್ನು ಇಲ್ಲಿ ತೀರಿಸುತ್ತೇನೆ.

2021ನೆಯ ಇಸವಿಯ ಮಾತು. ಸಾಂಕ್ರಾಮಿಕದ ದೆಸೆಯಿಂದ ಶಾಲೆಯ ಬಾಗಿಲು ಮುಚ್ಚಿತ್ತು. ಮೊಬೈಲಿನ ಮುಂದೆ ಕುಳಿತು ಪಾಠ ಹೇಳುತ್ತಿದ್ದ ಕಾಲ. ಆಗ ಗೆಳೆಯನೊಬ್ಬನು, ಹೊಸದಾಗಿ ತೆರೆದ ಒಂದು ಬರಹತಾಣದ ಸುದ್ದಿಯನ್ನು ತಂದನು. ಅಲ್ಲಿ ಬರೆದುದನ್ನು ಓದುಗರು ಮೆಚ್ಚಿದರೆ ಲೇಖಕನ ಖಾತೆಗೆ ನಾಣ್ಯಗಳು ಬೀಳುವುವು. ನಾಣ್ಯಗಳು ಕೂಡಿದರೆ ರೂಪಾಯಿಗಳಾಗುವುವು. ನಮ್ಮೂರ ಜಾತ್ರೆಯನ್ನು ಕುರಿತು ಒಂದು ಲೇಖನವನ್ನು ಬರೆದು ಅಲ್ಲಿ ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ 38 ರೂಪಾಯಿ!

ನಾನು ಕನ್ನಡದ ಮೇಷ್ಟರಾದರೂ ಆ ದಿನ ಗಣಿತದ ಮೇಷ್ಟರಾದೆ. ದಿನಕ್ಕೆ 38 ಆದರೆ ತಿಂಗಳಿಗೆ 1,140; ದಿನಕ್ಕೆರಡು ಬರೆದರೆ 2,280; ವರ್ಷಕ್ಕೆ ಇಪ್ಪತ್ತೇಳು ಸಾವಿರದ ಮೇಲಾಯಿತು. ಗುಣಾಕಾರದಲ್ಲಿ ತಪ್ಪಿರಲಿಲ್ಲ, ಒಂದೇ ದಿನದ ಮಳೆಯನ್ನು ನೋಡಿ ವರ್ಷದ ಬೆಳೆಯನ್ನು ಅಳೆದುದೇ ತಪ್ಪು. ಆ ರಾತ್ರಿಯೇ ಊರಿಗೆ ಫೋನು ಮಾಡಿ, "ಅವ್ವಾ, ಅಡಿಗೆಮನೆಯ ಹೆಂಚನ್ನು ಈ ದೀಪಾವಳಿಯೊಳಗೆ ಹೊಸದು ಮಾಡಿಸೋಣ, ಹಣ ಕಳಿಸುತ್ತೇನೆ" ಎಂದು ಹೇಳಿದೆ. ಅವ್ವ ಬಡಗಿಗೆ ಹೇಳಿಯೂ ಹೇಳಿದಳು.

ಎರಡನೆಯ ಲೇಖನಕ್ಕೆ ಬಂದುದು 4 ರೂಪಾಯಿ. ಮೂರನೆಯದಕ್ಕೆ ಏನೂ ಬರಲಿಲ್ಲ. ಹೊಸಬರನ್ನು ಸ್ವಾಗತಿಸುವ ಸಲುವಾಗಿ ಮೊದಲ ಲೇಖನಕ್ಕೆ ತುಸು ಹೆಚ್ಚು ಕೊಡುವುದು ಅಲ್ಲಿನ ವಾಡಿಕೆಯೆಂದು ಆಮೇಲೆ ತಿಳಿಯಿತು. ಆದರೂ ಬಡಗಿಗೆ ಮಾತು ಹೋಗಿದೆಯಲ್ಲ! ನಡುರಾತ್ರಿ ಎದ್ದು ಖಾತೆಯನ್ನು ನೋಡುವ ಚಟ ಹತ್ತಿತು. ನಾಣ್ಯ ಬಂದಾವೆಂದು ಬೇರೆಯವರ ಲೇಖನಗಳನ್ನು ಓದದೆಯೇ "ಅತ್ಯದ್ಭುತ" ಎಂದು ಬರೆಯತೊಡಗಿದೆ. ಅವರೂ ನನ್ನದನ್ನು ಓದದೆಯೇ ಹಾಗೆ ಬರೆಯುತ್ತಿದ್ದರು. ಹೊಸ ಸಂತೆಯಲ್ಲಿ ಮಾರುವವರೇ ಎಲ್ಲರೂ, ಕೊಳ್ಳುವವರು ಯಾರೂ ಇಲ್ಲವೆಂಬುದು ನನಗೆ ಹೊಳೆಯುವುದಕ್ಕೆ ಮೂರು ತಿಂಗಳು ಬೇಕಾದುವು.

ಐದು ತಿಂಗಳಲ್ಲಿ 41 ಲೇಖನಗಳನ್ನು ಬರೆದೆ. ಒಂದಕ್ಕೆ ಮೂರು ತಾಸಿನಂತೆ 123 ತಾಸುಗಳ ದುಡಿಮೆ. ಖಾತೆಯಲ್ಲಿ ಕೂಡಿದ್ದು 212 ರೂಪಾಯಿ. ಎಂದರೆ ತಾಸಿಗೆ ಎರಡು ರೂಪಾಯಿಯೂ ಬೀಳಲಿಲ್ಲ. ಅದೂ ಕೈಗೆ ಬರಲಿಲ್ಲ. 500 ರೂಪಾಯಿ ತುಂಬದೆ ಹಣವನ್ನು ತೆಗೆಯಲಾಗದೆಂಬ ನಿಯಮವನ್ನು ನಾನು ಮೊದಲೇ ಓದಿರಲಿಲ್ಲ. ಮರುವರ್ಷ ಆ ತಾಣವೇ ಮುಚ್ಚಿಹೋಯಿತು. ಪ್ರತಿ ಇಟ್ಟುಕೊಳ್ಳದ 24 ಲೇಖನಗಳು ಅದರೊಡನೆಯೇ ಹೋದುವು.

ದೀಪಾವಳಿ ಬಂತು. ಅವ್ವ ಹಣದ ಮಾತೆತ್ತಲಿಲ್ಲ. "ಬಡಗಿ ಬಂದು ಕೇಳಿದ, ನಮ್ಮ ಹುಡುಗನಿಗೆ ಬಿಡುವಿಲ್ಲ, ಮುಂದೆ ನೋಡೋಣ ಎಂದೆ" ಎಂದಷ್ಟೇ ಹೇಳಿದಳು. ನನ್ನ ಮಾನವನ್ನು ಕಾಯಲು ಅವಳು ಒಂದು ಸುಳ್ಳನ್ನು ಹೇಳಬೇಕಾಯಿತು. ಮುಂದಿನ ಬೇಸಗೆಯಲ್ಲಿ ಸಾಲ ಮಾಡಿ ಹೆಂಚು ಹಾಕಿಸಿದೆ. ಆದರೆ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಇದು ನನ್ನೊಬ್ಬನ ಕಥೆಯಾಗಿದ್ದರೆ ನಿಮ್ಮ ಮುಂದಿಡುತ್ತಿರಲಿಲ್ಲ. 2016ರಲ್ಲಿ ಅಮೆರಿಕದಲ್ಲಿ ಸ್ಟೀಮಿಟ್ ಎಂಬ ತಾಣವು ಹುಟ್ಟಿತು. ಬರೆದವರಿಗೆ ಸ್ಟೀಮ್ ಎಂಬ ಡಿಜಿಟಲ್ ನಾಣ್ಯದಲ್ಲಿ ಪ್ರತಿಫಲ ಕೊಡುವುದು ಅದರ ಕ್ರಮ. ಹಂಚುವ ನಾಣ್ಯದ ರಾಶಿಗೆ ಒಂದು ಮಿತಿಯಿತ್ತು. ಪಾಲುಗಾರರು ಹೆಚ್ಚಿದಂತೆ ಪಾಲು ಕಿರಿದಾಗುವುದು ಸಹಜ. ಮತ ಹಾಕುವವರೆಲ್ಲರ ಮತಕ್ಕೂ ಒಂದೇ ತೂಕವಿರಲಿಲ್ಲ. ಹೆಚ್ಚು ನಾಣ್ಯವನ್ನು ತೊಡಗಿಸಿದವನ ಒಂದು ಮತವು ಬಡಪಾಯಿಗಳ ನೂರಾರು ಮತಗಳನ್ನು ಮೀರಿಸಬಹುದಾಗಿತ್ತು. ತೆರೆಯ ಮೇಲೆ ತೋರುವ ಮೊತ್ತವೆಲ್ಲ ಲೇಖಕನದೂ ಅಲ್ಲ: ಒಂದು ಭಾಗ ಮತ ಹಾಕಿದವರಿಗೆ ಹೋಗುತ್ತಿತ್ತು, ಲೇಖಕನ ಪಾಲಿನಲ್ಲಿಯೂ ಸಾಮಾನ್ಯವಾಗಿ ಒಂದು ಭಾಗ ಠೇವಣಿಯಂತೆ ಕಟ್ಟಿಬಿದ್ದು, 13 ವಾರಗಳ ಕಂತಿನಲ್ಲಿ ಬಿಡುಗಡೆಯಾಗುತ್ತಿತ್ತು. 2018ರ ಜನವರಿಯಲ್ಲಿ ಆ ನಾಣ್ಯದ ಬೆಲೆ ಏಳು ಡಾಲರನ್ನು ದಾಟಿತ್ತು. ಆ ವರ್ಷ ಮುಗಿಯುವುದರೊಳಗೆ ಅರ್ಧ ಡಾಲರಿಗಿಂತಲೂ ಕೆಳಗಿಳಿಯಿತು. ನವೆಂಬರಿನಲ್ಲಿ ಕಂಪನಿಯು ತನ್ನ ನೌಕರರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿಯನ್ನು ಬಿಡಿಸುವುದಾಗಿ ಸಾರಿತು. 2020ರಲ್ಲಿ ಅದು ಬೇರೆಯವರ ಕೈಸೇರಿತು. ಒಪ್ಪದ ಬಳಕೆದಾರರು ಅದೇ ಮಾರ್ಚಿಯಲ್ಲಿ ಹೈವ್ ಎಂಬ ಬೇರೆ ಜಾಲವನ್ನು ಕಟ್ಟಿಕೊಂಡರು. ಬರೆದವನು ಚೆನ್ನಾಗಿಯೇ ಬರೆದಿರಬಹುದು. ಆದರೆ ಇವುಗಳಲ್ಲಿ ಒಂದಾದರೂ ಅವನ ಲೇಖನಿಯ ಅಧೀನದಲ್ಲಿತ್ತೇ?

ಹಾಗಾದರೆ ಪ್ರತಿಫಲವನ್ನು ಬಯಸುವುದೇ ತಪ್ಪೆ? ಅಲ್ಲ. ಮುದ್ದಣನನ್ನು ನೀವು ಬಲ್ಲಿರಿ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಅಂಗಸಾಧನೆಯ ಮೇಷ್ಟರಾಗಿದ್ದವರು. ತಮ್ಮ 'ರಾಮಾಶ್ವಮೇಧ'ವನ್ನು ತಮ್ಮದೆಂದು ಹೇಳಿಕೊಳ್ಳದೆ, ಹಳೆಯ ಕಾಲದ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದರು. ಹಣವಿರಲಿ, ಹೆಸರೂ ಅವರಿಗೆ ದೊರೆಯಲಿಲ್ಲ. ಬಡತನದಲ್ಲಿ, ಕ್ಷಯರೋಗದಿಂದ, 1901ರಲ್ಲಿ ಮೂವತ್ತೊಂದರ ಹರೆಯದಲ್ಲಿಯೇ ತೀರಿಕೊಂಡರು. ಮುದ್ದಣ ಮನೋರಮೆಯರ ಸಲ್ಲಾಪ ಇಂದಿಗೂ ಬಾಡಿಲ್ಲ, ನಿಜ. ಆದರೆ ಅಂಥ ಬಡತನವು ಬರಹಗಾರನಿಗೆ ಭೂಷಣವೆಂದು ನಾನು ಎಂದಿಗೂ ಹೇಳಲಾರೆ. ದುಡಿದವನಿಗೆ ಕೂಲಿ ಸಲ್ಲಬೇಕು, ಬರೆದವನೂ ದುಡಿದವನೇ. ನಾನು ಹೇಳುವುದಿಷ್ಟೆ: ಬಾರದ ಕೂಲಿಯನ್ನು ಬಂದಿತೆಂದು ಎಣಿಸಿ ಬಡಗಿಗೆ ಹೇಳಿ ಕಳುಹಿಸಬಾರದು.

ಈಗ ನಾನು ಎರಡು ಲೆಕ್ಕದ ಪುಸ್ತಕಗಳನ್ನು ಇಟ್ಟಿದ್ದೇನೆ. ಒಂದರಲ್ಲಿ ನನ್ನ ಕೈಯಲ್ಲಿರುವುದು: ವಾರಕ್ಕೊಂದು ಲೇಖನ ಬರೆದೆನೇ, ತಿದ್ದಿದೆನೇ, ಇತರರದನ್ನು ನಿಜವಾಗಿ ಓದಿದೆನೇ, ಪ್ರತಿಯನ್ನು ತೆಗೆದಿಟ್ಟೆನೇ? ಇನ್ನೊಂದರಲ್ಲಿ ನನ್ನ ಕೈಯಲ್ಲಿಲ್ಲದುದು: ಓದುಗರೆಷ್ಟು, ನಾಣ್ಯವೆಷ್ಟು? ಮೊದಲನೆಯದನ್ನು ದಿನವೂ ತೆರೆಯುತ್ತೇನೆ; ಎರಡನೆಯದನ್ನು ಮೂರು ತಿಂಗಳಿಗೊಮ್ಮೆ. ಹೊಸ ತಾಣವನ್ನು ಸೇರುವ ಮೊದಲು ಅದರ ನಿಯಮಗಳನ್ನು ಕೊನೆಯವರೆಗೆ ಓದುತ್ತೇನೆ. ಮೊದಲ ಆರು ತಿಂಗಳ ಆದಾಯವನ್ನು ಸೊನ್ನೆಯೆಂದೇ ಬರೆದುಕೊಳ್ಳುತ್ತೇನೆ. ಸೊನ್ನೆಯ ಮೇಲೆ ಒಂದು ರೂಪಾಯಿ ಬಂದರೂ ಅದು ಲಾಭವೇ.

ಇಷ್ಟಾಗಿ ಆ 41 ಲೇಖನಗಳು ಪೂರ್ತಿ ವ್ಯರ್ಥವಾದುವೆಂದು ಹೇಳಲಾರೆ. ಮೊದಲನೆಯದನ್ನೂ ಕೊನೆಯದನ್ನೂ ಈಗ ಪಕ್ಕದಲ್ಲಿಟ್ಟು ಓದಿದರೆ, ಕೊನೆಯದರಲ್ಲಿ ವಾಕ್ಯಗಳು ನೆಟ್ಟಗಿವೆ. ಜಾತ್ರೆಯ ಲೇಖನವನ್ನು ಓದಿದ ಒಬ್ಬರು, ಸೊಲ್ಲಾಪುರದಿಂದ, ನಾನು ಮರೆತಿದ್ದ ತೇರಿನ ಹಗ್ಗದ ಸಂಗತಿಯೊಂದನ್ನು ಬರೆದು ತಿಳಿಸಿದ್ದರು. ನಾಣ್ಯಗಳ ಗಡಿಬಿಡಿಯಲ್ಲಿ ಅವರಿಗೆ ಉತ್ತರ ಬರೆಯುವುದನ್ನೇ ನಾನು ಮರೆತೆ. ಆ ತಾಣ ಮುಚ್ಚಿದ ಮೇಲೆ ಅವರನ್ನು ಹುಡುಕಲು ದಾರಿಯಿಲ್ಲ.

ಆದಕಾರಣ, ಪ್ರಶ್ನೆ ಕೇಳಿದ ಗೆಳೆಯನೇ, ನಿನ್ನ ಉತ್ತರ ಇದು. ಜೂನ್ ತಿಂಗಳ ಫೀಜಿಗೆ ಈ ಹಣವನ್ನು ನೆಚ್ಚಬೇಡ. ವಿದ್ಯಾರ್ಥಿವೇತನದ ಅರ್ಜಿಗಳಿವೆ, ಪರೀಕ್ಷೆ ಮುಗಿದ ಮರುದಿನ ಬಾ, ಇಬ್ಬರೂ ಕುಳಿತು ತುಂಬೋಣ. ಆ ದಿನ ನಾನು ಗಾಡಿಯ ನೆವ ಹೇಳುವುದಿಲ್ಲ. ಬರೆಯುವುದನ್ನು ಮಾತ್ರ ಇಂದೇ ಆರಂಭಿಸು. ಬರುವಾಗ ನಿನ್ನ ಒಂದು ಲೇಖನವನ್ನು ಕೈಯಲ್ಲಿ ಹಿಡಿದು ಬಾ. ನಾಣ್ಯ ಕೊಡಲಾರೆ, ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ.