ಪೆಟ್ಟಿಗೆಯೊಳಗೆ ಸೊನ್ನೆ

ಗೊಬ್ಬರದ ಮೇಲೆ ಮೊಣಕಾಲೂರಿದ್ದೀರಿ. ತೇವ ಪ್ಯಾಂಟಿನೊಳಕ್ಕೆ ಇಳಿಯುತ್ತಿದೆ. ಇದು ಡೆನ್ಮಾರ್ಕಿನ ಫಾಕ್ಸೆಯ ಕಸದ ಗುಡ್ಡ, 12 ಹೆಕ್ಟೇರ್. ನಿಮ್ಮಡಿಯಲ್ಲಿ ಹೂತ ಕಸ ಗಾಳಿಯಿಲ್ಲದೆ ಕೊಳೆಯುತ್ತ ಮೀಥೇನ್ ಉಗುಳುತ್ತಿದೆ. ಆದರೂ ಮೂಗಿಗೆ ಬರುತ್ತಿರುವುದು ಮಳೆ ನಿಂತ ಕಾಡಿನ ಮಣ್ಣಿನ ವಾಸನೆ ಮಾತ್ರ.

ಕೈಯನ್ನು ಗೊಬ್ಬರದೊಳಕ್ಕೆ ತೂರಿಸಿ. ಮೇಲೆ ತಣ್ಣಗಿದೆ. ಮಣಿಕಟ್ಟು ಮುಳುಗಿ ಇನ್ನಷ್ಟು ಆಳಕ್ಕೆ ಹೋದಂತೆ ಬೆರಳಿಗೆ ಬಿಸಿ ತಾಗುತ್ತದೆ. ಅದು ಬ್ಯಾಕ್ಟೀರಿಯಾಗಳ ಬಿಸಿ. ಕೆಳಗಿನಿಂದ ಏರುವ ಮೀಥೇನ್ ಮೇಲಿನಿಂದ ಇಳಿಯುವ ಆಮ್ಲಜನಕವನ್ನು ಸಂಧಿಸುವ ಪದರದಲ್ಲಿ ಅವು ಬೀಡುಬಿಟ್ಟಿವೆ. ಮೀಥೇನ್ ಉಣ್ಣುತ್ತವೆ, ನೀರು, ಶಾಖ, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಹಾಗಾದರೆ ಏನು ಲಾಭ ಎನ್ನುತ್ತೀರಾ? 20 ವರ್ಷಗಳ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಕಾಯಿಸುತ್ತದೆ.

ಗುಡ್ಡದ ಹಳೆಯ ಹೊದಿಕೆಯನ್ನು 10 ಕಡೆ ತೆರೆದು, ಒಟ್ಟು 5000 ಚದರ ಮೀಟರ್ ಜಾಗಕ್ಕೆ ತೋಟದ ಕಸದಿಂದ ಮಾಡಿದ ಕಾಂಪೋಸ್ಟ್ ತುಂಬಿದ್ದಾರೆ. ಅನಿಲ ಈ ಕಿಟಕಿಗಳತ್ತಲೇ ಬರಲೆಂದು ಕೊಳೆನೀರಿನ ಬಾವಿಗಳಿಗೆ ಮುಚ್ಚಳ ಹಾಕಿದ್ದಾರೆ, ಇಳಿಜಾರಿಗೆ ಜೇಡಿಮಣ್ಣು ಮೆತ್ತಿದ್ದಾರೆ.

ಹೊರಬರುವ ಮೀಥೇನ್ ಅಳೆಯಲು ಅಡಿ ತೆರೆದ ಪೆಟ್ಟಿಗೆಯನ್ನು ಗೊಬ್ಬರಕ್ಕೆ ಒತ್ತಿ, ಅಂಚು ಬಿಗಿ ಮಾಡಿ ಕಾಯುತ್ತೀರಿ. ಬೆರಳು ಮರಗಟ್ಟುತ್ತಿದೆ. ಮಾಪಕದ ಅಂಕಿ ಏರುತ್ತಿಲ್ಲ. ಹೆಚ್ಚುಕಡಿಮೆ ಅಷ್ಟೂ ಮೀಥೇನನ್ನು ಬ್ಯಾಕ್ಟೀರಿಯಾಗಳು ಮುಗಿಸಿಬಿಟ್ಟಿವೆ! ಎದೆ ಹಗುರಾಗುತ್ತದೆ. ಪುಸ್ತಕದಲ್ಲಿ ಸೊನ್ನೆ ಬರೆದು ಮನೆಗೆ ಹೊರಡಬಹುದು.

ಹೊರಡಬೇಡಿ. ಮೋಡ ಕವಿಯುತ್ತಿದೆ. ವಾಯುಭಾರ ಕುಸಿದಾಗ ನೆಲದೊಳಗಿನ ಅನಿಲ ಹೊರಕ್ಕೆ ನುಗ್ಗುತ್ತದೆ. ಇಳಿಜಾರಿನ ಬಾವಿಯತ್ತ ನಡೆಯಿರಿ. ಬಂತು, ಕೊಳೆತ ಮೊಟ್ಟೆಯ ನಾತ. ಬೆಂಗಳೂರಿನ ಬಳಿಯ ಮಂಡೂರಿನ ಕಸದ ರಾಶಿಯ ಪಕ್ಕ ಹಿಂದೆ ಹಾದವರ ಹೊಟ್ಟೆ ಈಗಲೇ ತೊಳೆಸಬೇಕು. ಇದು ಹೈಡ್ರೋಜನ್ ಸಲ್ಫೈಡ್. ಮೀಥೇನ್‌ಗೆ ವಾಸನೆಯೇ ಇಲ್ಲ. ಗಂಟಲು ಕೆರೆಯುತ್ತದೆ. ಇನ್ನೊಂದು ಹೆಜ್ಜೆ. ನಾತ ಥಟ್ಟನೆ ಮಾಯ. ಗಾಳಿ ತಿರುಗಿತೆ? ಇಲ್ಲವೇ ಮೂಗೇ ಸತ್ತಿತೆ? ಈ ಅನಿಲ ಹೆಚ್ಚಾದರೆ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಲ್ಲುತ್ತದೆ. ಬಗ್ಗಬೇಡಿ. ಉಸಿರು ಹಿಡಿಯಿರಿ. ಗಾಳಿ ಬೀಸಿ ಬರುವ ಕಡೆಗೆ ಸರಿಯಿರಿ, ಬೇಗ! ಜೊತೆಗೆ, ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15 ಇದ್ದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು.

ಉಸಿರು ಹದಕ್ಕೆ ಬಂದ ಮೇಲೆ ಕಷ್ಟದ ಆಯ್ಕೆ ಎದುರಿಗಿದೆ. ಪೆಟ್ಟಿಗೆಯ ಸೊನ್ನೆಯನ್ನು ನಂಬುವುದೋ, ಇಡೀ ಗುಡ್ಡವನ್ನೇ ಅಳೆಯುವುದೋ? ಇಲ್ಲಿನ ಸಂಶೋಧಕರು ಎರಡನೆಯದನ್ನು ಆರಿಸಿಕೊಂಡರು. ಗೊತ್ತಾದ ಪ್ರಮಾಣದ ಗುರುತು ಅನಿಲವನ್ನು ಗುಡ್ಡದ ಮೇಲಿಂದ ಬಿಟ್ಟು, ಗಾಳಿ ಸಾಗುವ ದಿಕ್ಕಿನಲ್ಲಿ ದೂರ ನಿಂತು ಅದನ್ನೂ ಮೀಥೇನನ್ನೂ ಒಟ್ಟಿಗೆ ಅಳೆಯುವ ವಿಧಾನ ಅದು. ಒಂದು ವರ್ಷದ ಅಳತೆಯ ಕೊನೆಗೆ ಮೀಥೇನ್ ಸೋರಿಕೆಯಲ್ಲಿ ಕಂಡ ಇಳಿಕೆ ಸುಮಾರು ಶೇಕಡಾ 28. ಅಷ್ಟೇ. ಕಿಟಕಿಗಳು ಕೆಲಸ ಮಾಡುತ್ತಿದ್ದವು, ಆದರೆ ದೊಡ್ಡ ಪಾಲು ಮೀಥೇನ್ ಅವುಗಳತ್ತ ಬರಲೇ ಇಲ್ಲ. 2011ರಲ್ಲಿ ಆ ಅಂಕಿಯನ್ನು ಮುಚ್ಚಿಡದೆ ಪ್ರಕಟಿಸಿದವರ ಬಗ್ಗೆ ನನಗೆ ಗೌರವವಿದೆ. ಪೆಟ್ಟಿಗೆಗಳ ಲೆಕ್ಕವನ್ನಷ್ಟೇ ತೋರಿಸಿದ್ದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಈಗ ಮಾಪಕ ಹಿಡಿದು ಇಳಿಜಾರಿನ ಬಿರುಕುಗಳನ್ನು ಒಂದೊಂದಾಗಿ ನೋಡಬೇಕು, ಬಾವಿಯ ಮುಚ್ಚಳಗಳನ್ನೂ ಬಿಡದೆ. ಮಳೆ ಬರುವ ಮುಂಚೆ ಶುರುಮಾಡಿ.