ಲೆಕ್ಕ ಕೇಳುವುದು ಅನುಮಾನವಲ್ಲ

ಯುದ್ಧ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಟ್ಯಾಂಕ್, ವಿಮಾನ, ಗಡಿ ಕಾಯುವ ಸೈನಿಕ. ಆದರೆ ಈಗ ಒಂದು ದೇಶದ ಸೇನೆ ಯಾರನ್ನೂ ಎಲ್ಲಿಗೂ ಕಳುಹಿಸದೆ, ಕಂಪ್ಯೂಟರ್ ಮುಂದೆ ಕುಳಿತೇ ಇನ್ನೊಂದು ದೇಶದ ಯಂತ್ರಗಳನ್ನು ಕೆಡಿಸಬಹುದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ವೈರಸ್ ಇಂಥ ಕೆಲಸಕ್ಕೇ ತಯಾರಾದದ್ದು. ಇರಾನಿನ ನತಾಂಜ್ ಅಣು ಕೇಂದ್ರದ ಯಂತ್ರಗಳನ್ನು ಅದು ಹಾಳು ಮಾಡಿತು. ಅಮೆರಿಕ ಮತ್ತು ಇಸ್ರೇಲ್ ಸೇರಿ ಮಾಡಿದ ಕೆಲಸ ಎಂದು ಪತ್ರಿಕೆಗಳು ಬರೆದವು. ಎರಡೂ ಸರ್ಕಾರಗಳು ಅಧಿಕೃತವಾಗಿ ಒಪ್ಪಿಕೊಂಡಿಲ್ಲ. ವೈರಸ್ ಮಾತ್ರ ಇರಾನಿನಲ್ಲೇ ನಿಲ್ಲದೆ ಇಂಡೋನೇಷ್ಯಾ ಮತ್ತು ನಮ್ಮ ಭಾರತದ ಕಂಪ್ಯೂಟರ್‌ಗಳಿಗೂ ಹರಡಿತು.

ಇದನ್ನು ಓದಿದಾಗ ವಾಣಿಜ್ಯ ವಿದ್ಯಾರ್ಥಿನಿಯಾದ ನನಗೆ ಹುಟ್ಟಿದ ಪ್ರಶ್ನೆ ಒಂದೇ: ಇಂಥ ಕೆಲಸಕ್ಕೆ ಲೆಕ್ಕ ಕೊಡುವವರು ಯಾರು, ಕೇಳುವವರು ಯಾರು?

ಈ ವಿಷಯದ ಮೇಲೆ ಬರೆಯುತ್ತೇನೆ ಎಂದಾಗ ಅಬ್ಬಾ ಸ್ವಲ್ಪ ಗಾಬರಿಯಾದರು. "ಫೌಜಿನ ವಿಷಯ ನಮಗ್ಯಾಕೆ ಬೇಟಾ? ಜಿಎಸ್‌ಟಿ ಬಗ್ಗೆ ಬರಿ" ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ನಮ್ಮಂಥ ಹೆಸರಿನವರು ಸೇನೆಯ ಬಗ್ಗೆ ಪ್ರಶ್ನೆ ಕೇಳಿದರೆ ಕೆಲವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಆಗ ನಾನು ಅವರಿಗೆ ನಮ್ಮ ಮೊಹಲ್ಲಾ ಕಮಿಟಿಯನ್ನು ನೆನಪಿಸಿದೆ. ಅಲ್ಲಿಯ ಖಜಾಂಚಿ ಚಾಚಾ ಮೇಲೆ ಅಬ್ಬಾಗೆ ತುಂಬಾ ನಂಬಿಕೆ. ಆದರೂ ಪ್ರತಿ ವರ್ಷ ಸಭೆಯಲ್ಲಿ ಎದ್ದು ನಿಂತು "ಹಿಸಾಬ್ ಓದಿ" ಎಂದು ಮೊದಲು ಕೇಳುವವರು ಅಬ್ಬಾನೇ. ಚಾಚಾ ಬೇಸರ ಮಾಡಿಕೊಳ್ಳುವುದಿಲ್ಲ, ಕನ್ನಡಕ ಹಾಕಿಕೊಂಡು ಓದುತ್ತಾರೆ. ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಕಲಿಯುವುದೂ ಇದನ್ನೇ. ಆಡಿಟರ್ ಬರುವುದು ಅಕೌಂಟೆಂಟ್ ಕಳ್ಳ ಎಂದಲ್ಲ. ಖರ್ಚು ಮಾಡಿದವರೇ ಅದನ್ನು ಪರಿಶೀಲಿಸಬಾರದು ಎಂಬುದು ನಿಯಮ, ಅಷ್ಟೇ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಸೋಚ್ ಸಮಝ್ ಕೇ ಬರಿ" ಎಂದರು.

ಈ ನಿಯಮವನ್ನು ಸೈಬರ್ ದಾಳಿಗೂ ಹಾಕಲು ಪ್ರಯತ್ನಿಸಿದ ದೇಶ ಅಮೆರಿಕ. ಅಲ್ಲಿಯ ಸಂಸತ್ತಿನ ಹೆಸರು ಕಾಂಗ್ರೆಸ್ (ನಮ್ಮಲ್ಲಿಯ ಪಕ್ಷವಲ್ಲ). ವಿಯೆಟ್ನಾಂ ಯುದ್ಧದ ಅನುಭವದ ನಂತರ 1973ರಲ್ಲಿ ಅದು ಒಂದು ಕಾನೂನು ಮಾಡಿತು: ಅಧ್ಯಕ್ಷರು ಸೈನಿಕರನ್ನು ಯುದ್ಧಕ್ಕೆ ಇಳಿಸಿದರೆ 48 ಗಂಟೆಯೊಳಗೆ ಕಾಂಗ್ರೆಸ್‌ಗೆ ವರದಿ ಕೊಡಬೇಕು. ಆದರೆ ಸೈಬರ್ ದಾಳಿಯಲ್ಲಿ ಸೈನಿಕರು ಎಲ್ಲಿಗೂ ಹೋಗುವುದೇ ಇಲ್ಲವಲ್ಲ! ಹಡಗು ಹೊರಟರೆ ಜನ ನೋಡುತ್ತಾರೆ, ಸೈನಿಕ ಸತ್ತರೆ ಮನೆಯವರು ಕೇಳುತ್ತಾರೆ. ಇಲ್ಲಿ ನೋಡುವವರೂ ಇಲ್ಲ, ಕೇಳುವವರೂ ಇಲ್ಲ. ಆದ್ದರಿಂದ 2017ರ ಡಿಸೆಂಬರ್‌ನಲ್ಲಿ ಸಹಿಯಾದ ರಕ್ಷಣಾ ಕಾಯಿದೆಯಲ್ಲಿ ಹೊಸ ನಿಯಮ ಸೇರಿತು. ಸೇನೆ ಸೂಕ್ಷ್ಮವಾದ ಸೈಬರ್ ಕಾರ್ಯಾಚರಣೆ ನಡೆಸಿದರೆ 48 ಗಂಟೆಯೊಳಗೆ ಕಾಂಗ್ರೆಸ್‌ನ ರಕ್ಷಣಾ ಸಮಿತಿಗಳಿಗೆ ಲಿಖಿತವಾಗಿ ತಿಳಿಸಬೇಕು. ಮೂರು ತಿಂಗಳಿಗೊಮ್ಮೆ ವಿವರಣೆ ಕೊಡಬೇಕೆಂಬ ನಿಯಮ ಅದಕ್ಕೂ ಮೊದಲೇ ಇತ್ತು.

ಇದು ಮುಂಚಿತವಾಗಿ ಅನುಮತಿ ಕೇಳುವುದಲ್ಲ, ಖರ್ಚಾದ ಮೇಲೆ ವೋಚರ್ ತೋರಿಸಿದ ಹಾಗೆ. ಗುಪ್ತಚರ ಸಂಸ್ಥೆಗಳ ರಹಸ್ಯ ಕಾರ್ಯಾಚರಣೆಗಳು ಈ ನಿಯಮದೊಳಗೆ ಬರುವುದಿಲ್ಲ. ಅಲ್ಲದೆ ಕಾನೂನು ಇದ್ದ ಮಾತ್ರಕ್ಕೆ ಎಲ್ಲವೂ ಸಿಗುವುದಿಲ್ಲ. 2018ರಲ್ಲಿ ಅಧ್ಯಕ್ಷ ಟ್ರಂಪ್ ಸೈಬರ್ ದಾಳಿಗೆ ಒಪ್ಪಿಗೆ ಪಡೆಯುವ ದಾರಿಯನ್ನು ಸುಲಭ ಮಾಡುವ ಗುಪ್ತ ಆದೇಶ ಹೊರಡಿಸಿದರು. ಆ ಆದೇಶವನ್ನು ಓದಲು ತೋರಿಸಿ ಎಂದು ಕಾಂಗ್ರೆಸ್ 2019ರ ಕೊನೆಯಲ್ಲಿ ಕಾನೂನಿನಲ್ಲೇ ಬರೆಯಬೇಕಾಯಿತು.

ಗುಟ್ಟು ಬಯಲಾದರೆ ಶತ್ರುವಿಗೆ ಲಾಭ ಅಲ್ಲವೇ ಎಂದು ಕೆಲವರು ಕೇಳಬಹುದು. ಅದು ನಿಜವಾದ ಪ್ರಶ್ನೆಯೇ. ಆದರೆ ಸಮಿತಿಯ ಸದಸ್ಯರು ಮುಚ್ಚಿದ ಕೋಣೆಯಲ್ಲಿ ಕೇಳುತ್ತಾರೆ. ಆಡಿಟರ್ ಕೂಡ ನಮ್ಮ ಲೆಡ್ಜರನ್ನು ಎದುರು ಅಂಗಡಿಯವನಿಗೆ ತೋರಿಸುವುದಿಲ್ಲ. ಇನ್ನೊಂದು ವಿಷಯ, ಯಾರಿಗೂ ಹೇಳದೆ ಇಟ್ಟ ಗುಟ್ಟು ಭದ್ರವಾಗಿಯೇ ಇರುತ್ತದೆ ಎಂದೂ ಇಲ್ಲ. ಅಮೆರಿಕದ ಎನ್‌ಎಸ್‌ಎ ಸಂಸ್ಥೆಯಿಂದ ಕದ್ದದ್ದು ಎನ್ನಲಾದ ಒಂದು ಸೈಬರ್ ಆಯುಧ 2017ರ ಏಪ್ರಿಲ್‌ನಲ್ಲಿ ಇಂಟರ್ನೆಟ್ಟಿಗೆ ಬಂತು. ಮೇ ತಿಂಗಳಲ್ಲಿ ಅದನ್ನೇ ಬಳಸಿದ ವಾನ್ನಾಕ್ರೈ ವೈರಸ್ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್‌ಗಳನ್ನು ನಿಲ್ಲಿಸಿತು. ರೋಗಿಗಳ ಆಪರೇಷನ್‌ಗಳೇ ಮುಂದಕ್ಕೆ ಹೋದವು. ಆ ರೋಗಿಗಳಿಗೂ ಯಾವ ಯುದ್ಧಕ್ಕೂ ಸಂಬಂಧವಿರಲಿಲ್ಲ.

ನಮ್ಮ ದೇಶದಲ್ಲೂ 2019ರಿಂದ ಡಿಫೆನ್ಸ್ ಸೈಬರ್ ಏಜೆನ್ಸಿ ಇದೆ. ಅದು ಬೇಕು, ನಮ್ಮ ಬ್ಯಾಂಕು, ವಿದ್ಯುತ್, ರೈಲು ಎಲ್ಲವೂ ಕಂಪ್ಯೂಟರ್ ಮೇಲೇ ನಡೆಯುತ್ತಿವೆ. ಸಂಸತ್ತಿನಲ್ಲಿ ರಕ್ಷಣಾ ಸ್ಥಾಯಿ ಸಮಿತಿಯೂ ಇದೆ, ಪ್ರತಿ ವರ್ಷ ಸೇನೆಯ ಬಜೆಟ್ಟನ್ನು ನೋಡುತ್ತದೆ. ಆದರೆ 48 ಗಂಟೆಯೊಳಗೆ ತಿಳಿಸಬೇಕೆಂಬಂಥ ಕಾನೂನು ನಮ್ಮಲ್ಲಿಲ್ಲ.

ಮುಂದಿನ ವರ್ಷ ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬುತ್ತದೆ, ವೋಟು ಬರುತ್ತದೆ. ವೋಟು ಕೇಳಲು ಬಂದವರನ್ನು ನಾವು ರಸ್ತೆ, ನೀರು, ಸ್ಕಾಲರ್‌ಶಿಪ್ ಬಗ್ಗೆ ಕೇಳುತ್ತೇವೆ, ಕೇಳಲೇಬೇಕು. ಅದರ ಜೊತೆಗೆ ಇದನ್ನೂ ಒಂದು ಸಲ ಕೇಳೋಣ: "ಸರ್, ನಮ್ಮ ಕಣ್ಣಿಗೆ ಕಾಣದ ಕೆಲಸಗಳ ಲೆಕ್ಕವನ್ನು ನಮ್ಮ ಪರವಾಗಿ ನೀವು ಕೇಳುತ್ತೀರಾ?"