ಸಂಘದ ಕಂಪ್ಯೂಟರಿಗೊಂದು ಬ್ರೌಸರ್

ಮುಂಬಯಿಯ ಉಪನಗರದಲ್ಲಿರುವ ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಊರಿನ ಪತ್ರಿಕೆ ಓದಲು, ರೈಲು ಟಿಕೆಟ್ ನೋಡಲು ಹಿರಿಯರು ಬರುತ್ತಾರೆ. ಹೋಂವರ್ಕಿಗೆಂದು ಮಕ್ಕಳೂ ಬರುತ್ತಾರೆ.

2025ರ ಮಳೆಗಾಲದ ಒಂದು ಸಂಜೆ ಹುಡುಗನೊಬ್ಬ ಏನೋ ಹುಡುಕಲು ‘ಪಿ’ ಅಕ್ಷರ ಒತ್ತಿದ್ದೇ ತಡ, ಕೆಳಗೆ ‘ಪ್ರಾಸ್ಟೇಟ್ ಕ್ಯಾನ್ಸರ್’ ಎಂದು ಶುರುವಾಗುವ ಸಾಲುಗಳು ತೆರೆದುಕೊಂಡವು. ಅವನು ಜೋರಾಗಿಯೇ ಓದಿದ. ಆಗಷ್ಟೇ ಅಲ್ಲಿಂದ ಎದ್ದು ಪತ್ರಿಕೆ ಹಿಡಿದಿದ್ದ ಧಾರವಾಡದ ಕಾಕಾ ತಲೆ ಎತ್ತಲಿಲ್ಲ. ಆಮೇಲೆ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, “ತಮ್ಮಾ, ನಿಮ್ಮ ಕಾಕೂಗೂ ಇನ್ನೂ ಹೇಳಿಲ್ಲ. ಈ ಪೆಟ್ಟಿಗಿ ಹ್ಯಾಂಗ ಹೇಳಿತು?” ಎಂದರು.

ಆ ಕಂಪ್ಯೂಟರ್ ನೋಡಿಕೊಳ್ಳುವವನು ನಾನೇ. ಬ್ರೌಸರಿನ ಒಂದು ಸೆಟ್ಟಿಂಗನ್ನೂ ಮುಟ್ಟದೆ ಬಿಟ್ಟವನೂ ನಾನೇ.

ಅಕ್ಟೋಬರಿನಲ್ಲಿ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮ ಹಳೆಯ ಯಂತ್ರಕ್ಕೆ 11 ಒಗ್ಗುವಂತಿರಲಿಲ್ಲ. ಲಿನಕ್ಸ್ ಮಿಂಟ್ ಹಾಕಿದೆ. ಅದರ ಜೊತೆ ಫೈರ್‌ಫಾಕ್ಸ್ ಬರುತ್ತದೆ. ಈ ಸಲ ಮಾತ್ರ ಬಂದದ್ದನ್ನು ಬಂದ ಹಾಗೇ ಬಿಡಲು ಮನಸ್ಸಾಗಲಿಲ್ಲ.

ಗುಟ್ಟು ಎರಡು ಕಡೆ ಸೋರುತ್ತದೆ. ಒಂದು, ಪಕ್ಕದ ಕುರ್ಚಿಗೆ. ಇನ್ನೊಂದು, ನಾವು ತಾಣದಿಂದ ತಾಣಕ್ಕೆ ಹೋಗುವುದನ್ನು ಹಿಂಬಾಲಿಸುವ ಜಾಹೀರಾತು ಕಂಪನಿಗಳಿಗೆ. ಬ್ರೇವ್ ನೋಡಿದೆ. ಜಾಹೀರಾತನ್ನು ತಾನೇ ತಡೆಯುತ್ತದೆ, ಆದರೆ ಅದರಲ್ಲಿರುವ ಕ್ರಿಪ್ಟೊ ವ್ಯಾಲೆಟ್ ಏನೆಂದು ಹಿರಿಯರಿಗೆ ಯಾರು ವಿವರಿಸುವುದು? ಟಾರ್ ಎಲ್ಲಕ್ಕಿಂತ ಬಿಗಿ. ಮೂರು ಕಡೆ ಸುತ್ತಿ ಹೋಗುವುದರಿಂದ ನಿಧಾನ, ಕೆಲವು ತಾಣಗಳು ಅದನ್ನು ಒಳಗೇ ಬಿಡುವುದಿಲ್ಲ. ಫೈರ್‌ಫಾಕ್ಸನ್ನೇ ಬಿಗಿಗೊಳಿಸಿ ಮಾಡಿದ ಲಿಬ್ರೆವುಲ್ಫ್ ನನಗೆ ಇಷ್ಟ. ಆದರೆ ನಾನು ಊರಿಗೆ ಹೋದಾಗ ಏನಾದರೂ ಕೆಟ್ಟರೆ ಸರಿಪಡಿಸುವವರಿಲ್ಲ.

ಕೊನೆಗೆ ಫೈರ್‌ಫಾಕ್ಸನ್ನೇ ಉಳಿಸಿಕೊಂಡೆ. 2022ರಿಂದ ಅದು ಒಂದೊಂದು ತಾಣದ ಕುಕಿಯನ್ನೂ ಬೇರೆಬೇರೆ ಡಬ್ಬಿಯಲ್ಲಿಡುತ್ತದೆ. ಹೀಗಾಗಿ ಒಂದು ಕಡೆಯ ಗುರುತು ಹಿಡಿದು ಇನ್ನೊಂದು ಕಡೆ ಬೆನ್ನು ಹತ್ತುವುದು ಕಷ್ಟ. ಅದೇನು ಪೂರ್ತಿ ಸಾಧುವಲ್ಲ. ಬಳಕೆಯ ಒಂದಿಷ್ಟು ಮಾಹಿತಿಯನ್ನು ಮೊಜಿಲ್ಲಾಗೆ ತಾನಾಗಿಯೇ ಕಳಿಸುತ್ತದೆ. ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಬರುವುದೂ ಗೂಗಲಿನಿಂದ, ಅದರ ಹುಡುಕಾಟವನ್ನು ಡಿಫಾಲ್ಟ್ ಆಗಿ ಇಟ್ಟುಕೊಂಡದ್ದಕ್ಕೆ. ಜನ ಡಿಫಾಲ್ಟ್ ಬದಲಿಸುವುದಿಲ್ಲ ಎಂಬ ನಂಬಿಕೆಗೆ ಇಷ್ಟು ಬೆಲೆ!

ಮಾಹಿತಿ ಕಳಿಸುವುದನ್ನು ನಿಲ್ಲಿಸಿದೆ. ಹುಡುಕಾಟಕ್ಕೆ ಡಕ್‌ಡಕ್‌ಗೋ ಇಟ್ಟೆ, ಯೂಬ್ಲಾಕ್ ಒರಿಜಿನ್ ಸೇರಿಸಿದೆ, ಇತಿಹಾಸ ನೆನಪಿಡಬೇಡ ಎಂದೆ. ಮೆನುಗಳನ್ನು ಕನ್ನಡಕ್ಕೆ ತಿರುಗಿಸಿದೆ. ಇಷ್ಟಾದರೂ ಇಂಟರ್ನೆಟ್ ಕೊಡುವ ಕಂಪನಿಗೆ ನಾವು ಯಾವ ತಾಣಕ್ಕೆ ಹೋದೆವೆಂದು ತಿಳಿಯಬಹುದು. ಅದನ್ನೂ ಸಂಘದಲ್ಲಿ ಹೇಳಿದೆ.

ದೂರು ಬಂತು. “ದಿನಾ ಪಾಸ್‌ವರ್ಡ್ ಹೊಡೀಬೇಕೇನ್ರೀ?” ಎಂದು ಒಬ್ಬ ಅಕ್ಕ ರೇಗಿದರು. ಹೌದು, ಹೊಡೀಬೇಕು. ಹತ್ತು ಜನ ಕೂರುವ ಕುರ್ಚಿಯಲ್ಲಿ ಒಬ್ಬರ ಅನುಕೂಲ ಇನ್ನೊಬ್ಬರ ಗುಟ್ಟನ್ನು ಬಿಚ್ಚಬಾರದು. ಡಿಫಾಲ್ಟ್ ಎಂದರೆ ಬೇರೆಯವರ ಪರವಾಗಿ ನಾವು ಮಾಡುವ ಆಯ್ಕೆ ಎಂದು ನನಗೆ ತಿಳಿಯಲು ಕಾಕಾ ತಲೆ ತಗ್ಗಿಸಿ ಕೂರಬೇಕಾಯಿತು.

ಚಿಕಿತ್ಸೆ ಶುರುವಾದ ಮೇಲೆ ಒಂದು ದಿನ ಕಾಕಾ ಮತ್ತೆ ಬಂದರು, ಕಾಕೂ ಜೊತೆಗೆ. ಕುರ್ಚಿ ಎಳೆದುಕೊಂಡು, “ಈಗ ಇದು ಯಾರಿಗೂ ಹೇಳೂದಿಲ್ಲ ಹೌದಿಲ್ಲೋ?” ಎಂದು ಕೇಳಿದರು.

“ಮುಂದಿನವ್ರಿಗೆ ಹೇಳೂದಿಲ್ಲ ಕಾಕಾ. ಏಳೂ ಮುಂದ ಕಿಟಕಿ ಮುಚ್ಚೂದು ಮಾತ್ರ ಮರೀಬ್ಯಾಡ್ರಿ” ಎಂದೆ.